ತೆರವಾದ ಕುರ್ಚಿ ಯಾರದು? ಹೇಗ್ ನ್ಯಾಯಾಲಯದಲ್ಲೂ ನಡೆಯುವ ಉಪಚುನಾವಣೆ

ಗುಬ್ಬಿ ತಾಲ್ಲೂಕಿನ ನಮ್ಮೂರ ಪಂಚಾಯಿತಿಯಲ್ಲಿ ಸದಸ್ಯರೊಬ್ಬರು ತೀರಿಕೊಂಡು ಒಂದು ಸ್ಥಾನ ಖಾಲಿ ಬಿತ್ತು. ಉಪಚುನಾವಣೆಯ ದಿನ ತಮ್ಮನ ಮಗಳನ್ನು ತುಮಕೂರಿನಿಂದ ಬೈಕಿನಲ್ಲಿ ಕೂರಿಸಿಕೊಂಡು ಊರಿಗೆ ಹೋದೆ. ಅವಳು ತುಮಕೂರಿನಲ್ಲಿ ರೂಮು ಮಾಡಿಕೊಂಡು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾಳೆ, ಓಟು ಮಾತ್ರ ಇನ್ನೂ ಊರಲ್ಲೇ ಇದೆ. ಶಾಲೆಯ ಕೊಠಡಿಯಲ್ಲಿ ಬೆಂಚುಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಗೋಡೆಗೆ ಒರಗಿಸಿದ್ದರು. ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ರಟ್ಟಿನ ಮರೆ, ಕಪ್ಪು ಹಲಗೆಯ ಮೇಲೆ ಹಿಂದಿನ ದಿನದ ಮಗ್ಗಿ ಹಾಗೇ ಉಳಿದಿತ್ತು. ಮುದ್ರೆ ಒತ್ತಿ ಹೊರಗೆ ಬಂದವಳು ಬೆರಳಿನ ಮಸಿ ಆರಿಸಿಕೊಳ್ಳುತ್ತಾ ಕೇಳಿದಳು.

"ದೊಡ್ಡಪ್ಪ, ಈಗ ಗೆದ್ದೋರು ಐದು ವರ್ಷ ಇರ್ತಾರಾ?"

"ಇಲ್ಲಮ್ಮ. ಹೋದೋರ ಅವಧಿ ಎಷ್ಟು ಉಳಿದಿದೆಯೋ ಅಷ್ಟೇ."

"ಹಂಗಾದ್ರೆ ಹೇಗ್ ಕೋರ್ಟಲ್ಲೂ ಹಿಂಗೇನಾ? ಅಲ್ಲಿ ಜಡ್ಜ್‌ಗಳನ್ನೂ ಓಟು ಹಾಕಿ ಆರಿಸ್ತಾರೆ ಅಂತ ನೋಟ್ಸಲ್ಲಿದೆ. ಜಡ್ಜ್‌ಗೆ ಓಟು ಅಂದ್ರೆ ಏನು ಅಂತಾನೇ ನಂಗೆ ಗೊತ್ತಾಗ್ತಿಲ್ಲ."

ವಕೀಲಿಕೆಗೆ ಇಳಿದು ಇಪ್ಪತ್ತೆಂಟು ವರ್ಷವಾದರೂ ನಾನೂ ಇದನ್ನು ಕೂತು ಬಿಡಿಸಿ ನೋಡಿರಲಿಲ್ಲ. ನಮ್ಮ ತಾಲ್ಲೂಕು ಕೋರ್ಟಿನ ನ್ಯಾಯಾಧೀಶರು ಪರೀಕ್ಷೆ ಬರೆದು ಬರುತ್ತಾರೆ, ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಕೊಲಿಜಿಯಂ ಹೆಸರು ಸೂಚಿಸುತ್ತದೆ. ನ್ಯಾಯಪೀಠಕ್ಕೆ ಓಟು ಎಂಬ ಮಾತೇ ನಮ್ಮ ಕಿವಿಗೆ ಹೊಸದು. ಅವಳಿಗೆ ಹೇಳಲೆಂದೇ ಆ ನ್ಯಾಯಾಲಯದ ಶಾಸನವನ್ನು ಅಲ್ಲೇ ಮೊಬೈಲಿನಲ್ಲಿ ಮೊದಲಿಂದ ಓದಿದೆ. ಓದಿದ ಮೇಲೆ ಇದು ಪರೀಕ್ಷೆಗೆ ಓದುವ ಮಕ್ಕಳಿಗಷ್ಟೇ ಸಲ್ಲುವ ವಿಷಯವಲ್ಲ ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿರುವ ಅಂತಾರಾಷ್ಟ್ರೀಯ ನ್ಯಾಯಾಲಯ ದೇಶ ದೇಶಗಳ ನಡುವಿನ ವ್ಯಾಜ್ಯ ಕೇಳುವ ಕೋರ್ಟು. ಅಲ್ಲಿ 15 ನ್ಯಾಯಮೂರ್ತಿಗಳು, ಒಬ್ಬೊಬ್ಬರಿಗೂ 9 ವರ್ಷದ ಅವಧಿ. ಎಲ್ಲರ ಅವಧಿಯೂ ಒಟ್ಟಿಗೆ ಮುಗಿಯದ ಹಾಗೆ ಮೂರು ವರ್ಷಕ್ಕೊಮ್ಮೆ ಐವರನ್ನು ಆರಿಸುತ್ತಾರೆ. ಒಂದೇ ದೇಶದ ಇಬ್ಬರು ಒಟ್ಟಿಗೆ ಇರುವಂತಿಲ್ಲ. ಇದು ಮಾಮೂಲಿ ಚುನಾವಣೆ. ನಡುವೆ ಯಾರಾದರೂ ತೀರಿಕೊಂಡರೆ ಅಥವಾ ರಾಜೀನಾಮೆ ಕೊಟ್ಟರೆ ಆ ಒಂದು ಸ್ಥಾನಕ್ಕೆ ಮಾತ್ರ ಉಪಚುನಾವಣೆ. ಗೆದ್ದವರು ನಮ್ಮ ಪಂಚಾಯಿತಿಯ ಹಾಗೆಯೇ ಹಿಂದಿನವರ ಉಳಿದ ಅವಧಿಗಷ್ಟೇ ಕೂರುತ್ತಾರೆ. ಶಾಸನದ 15ನೇ ವಿಧಿ ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತದೆ.

ಓಟು ಹಾಕುವವರು ಯಾರು ಎಂಬಲ್ಲಿ ಮಾತ್ರ ನಮ್ಮ ಪಂಚಾಯಿತಿಗೂ ಅದಕ್ಕೂ ಹೋಲಿಕೆ ತಪ್ಪುತ್ತದೆ. ನಮ್ಮೂರ ದೇವರ ಒಡವೆ ಪೆಟ್ಟಿಗೆಗೆ ಎರಡು ಬೀಗ, ಎರಡು ಮನೆಯಲ್ಲಿ ಎರಡು ಕೀಲಿಕೈ. ಜಾತ್ರೆಯ ಹಿಂದಿನ ದಿನ ಇಬ್ಬರೂ ಬಂದರಷ್ಟೇ ಪೆಟ್ಟಿಗೆ ತೆಗೆಯೋದು. ಹೇಗ್ ನ್ಯಾಯಾಲಯದ ಕುರ್ಚಿಗೂ ಹಾಗೆ ಎರಡು ಬೀಗ ಹಾಕಿದ್ದಾರೆ. ಒಂದರ ಕೈ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿದೆ, ಅಲ್ಲಿ 193 ದೇಶಗಳು. ಇನ್ನೊಂದರ ಕೈ ಭದ್ರತಾ ಮಂಡಳಿಯಲ್ಲಿದೆ, ಅಲ್ಲಿ 15 ದೇಶಗಳು. ಎರಡೂ ಸಭೆಗಳು ಒಂದೇ ಹೊತ್ತಿನಲ್ಲಿ, ಆದರೆ ಬೇರೆ ಬೇರೆಯಾಗಿ, ಗುಪ್ತ ಮತದಾನ ನಡೆಸುತ್ತವೆ. ಒಂದರ ಫಲಿತಾಂಶ ನೋಡಿಕೊಂಡು ಇನ್ನೊಂದು ಓಟು ಹಾಕುವಂತಿಲ್ಲ. ಅಭ್ಯರ್ಥಿಗೆ ಸಾಮಾನ್ಯ ಸಭೆಯಲ್ಲಿ ಕನಿಷ್ಠ 97, ಭದ್ರತಾ ಮಂಡಳಿಯಲ್ಲಿ ಕನಿಷ್ಠ 8 ಓಟು ಬೀಳಬೇಕು. ಈ ಬಹುಮತವನ್ನು ಬಂದವರ ಮೇಲೆ ಎಣಿಸುವುದಿಲ್ಲ, ಒಟ್ಟು ಸದಸ್ಯರ ಮೇಲೆ ಎಣಿಸುತ್ತಾರೆ. ಗೈರುಹಾಜರಾದ ದೇಶವೂ ಲೆಕ್ಕದಲ್ಲಿ ಇದ್ದೇ ಇರುತ್ತದೆ. ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋತರೆ ಅದು ಗೆಲುವಲ್ಲ, ಮತ್ತೆ ಸುತ್ತು ಶುರು.

ನನಗೆ ಬಹಳ ಹಿಡಿಸಿದ ವಿಧಿ ಹತ್ತನೆಯದು. ಭದ್ರತಾ ಮಂಡಳಿ ಎಂದೊಡನೆ ನಮಗೆ ನೆನಪಾಗುವುದು ವಿಟೊ: ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್, ಇವುಗಳಲ್ಲಿ ಒಂದು ಒಲ್ಲೆ ಎಂದರೆ ಕೆಲಸ ನಿಂತಿತು. ನ್ಯಾಯಮೂರ್ತಿಗಳ ಚುನಾವಣೆಯಲ್ಲಿ ಈ ವಿಟೊ ನಡೆಯುವುದಿಲ್ಲ. ಕಾಯಂ ಸದಸ್ಯರ ಓಟಿಗೂ ಎರಡು ವರ್ಷಕ್ಕೆಂದು ಬಂದವರ ಓಟಿಗೂ ಒಂದೇ ಬೆಲೆ. ಎರಡು ಬೀಗ ಹಾಕಿದವರ ಲೆಕ್ಕಾಚಾರ ಇಲ್ಲಿ ಕಾಣುತ್ತದೆ. ದೊಡ್ಡ ದೇಶಗಳು ತಮ್ಮೊಳಗೆ ಮಾತಾಡಿಕೊಂಡು ಒಬ್ಬರನ್ನು ಹೇರಲು ಹೋದರೆ ಸಾಮಾನ್ಯ ಸಭೆ ತಡೆಯುತ್ತದೆ. ಸಣ್ಣ ದೇಶಗಳು ಸಂಖ್ಯಾಬಲದಿಂದಲೇ ಎಲ್ಲವನ್ನೂ ತೆಗೆದುಕೊಳ್ಳಲು ಹೋದರೆ ಮಂಡಳಿ ತಡೆಯುತ್ತದೆ.

ಇನ್ನು ನಾಮಪತ್ರದ ಮಾತು. ಸರ್ಕಾರ ನೇರವಾಗಿ ಹೆಸರು ಕೊಡುವಂತಿಲ್ಲ. ಹೇಗ್‌ನಲ್ಲೇ ಕಾಯಂ ಮಧ್ಯಸ್ಥಿಕೆ ನ್ಯಾಯಾಲಯ ಎಂಬ ಹಳೆಯ ಸಂಸ್ಥೆಯೊಂದಿದೆ, 1899ರ ಒಪ್ಪಂದದಿಂದ ಹುಟ್ಟಿದ್ದು. ಅದಕ್ಕೆ ಪ್ರತಿ ದೇಶವೂ ಹೆಚ್ಚೆಂದರೆ ನಾಲ್ಕು ಜನ ಕಾನೂನು ಬಲ್ಲವರನ್ನು ನೇಮಿಸಿರುತ್ತದೆ. ಆ ನಾಲ್ವರ ಗುಂಪೇ ಹೆಸರು ಸೂಚಿಸಬೇಕು. ಸೂಚಿಸುವ ಮುಂಚೆ ತಮ್ಮ ದೇಶದ ಸರ್ವೋಚ್ಚ ನ್ಯಾಯಾಲಯ, ಕಾನೂನು ಕಾಲೇಜುಗಳನ್ನು ಕೇಳಿ ಎಂದು ಶಾಸನ ಸಲಹೆ ಕೊಡುತ್ತದೆ. ಒಂದೇ ಸ್ಥಾನ ಖಾಲಿ ಇದ್ದಾಗ ಒಂದು ಗುಂಪು ಇಬ್ಬರ ಹೆಸರಿಗಿಂತ ಹೆಚ್ಚು ಕೊಡುವಂತಿಲ್ಲ. ಆ ನಾಲ್ವರನ್ನು ನೇಮಿಸುವುದು ಸರ್ಕಾರವೇ ಆದ್ದರಿಂದ ಸರ್ಕಾರದ ಇಷ್ಟ ಇದರಲ್ಲಿ ಸೇರುವುದೇ ಇಲ್ಲ ಎಂದು ನಾನು ಹೇಳಲಾರೆ. ಆದರೂ ನಡುವೆ ಒಂದು ಹೊಸಿಲು ಇಟ್ಟಿದ್ದಾರೆ, ಅದು ಒಳ್ಳೆಯದು.

ಕುರ್ಚಿ ಖಾಲಿಯಾದ ಒಂದು ತಿಂಗಳೊಳಗೆ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಈ ಗುಂಪುಗಳಿಗೆಲ್ಲ ಪತ್ರ ಬರೆಯಬೇಕು. ಪತ್ರಕ್ಕೂ ಚುನಾವಣೆಗೂ ನಡುವೆ ಕನಿಷ್ಠ ಮೂರು ತಿಂಗಳು ಬಿಡಬೇಕು. ದಿನಾಂಕ ಗೊತ್ತುಮಾಡುವುದು ಭದ್ರತಾ ಮಂಡಳಿ. ನಮ್ಮಲ್ಲಿ ಲೋಕಸಭೆ, ವಿಧಾನಸಭೆಯ ಸ್ಥಾನ ತೆರವಾದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉಪಚುನಾವಣೆ ಮುಗಿಸಬೇಕೆಂಬ ಕಟ್ಟುಪಾಡಿದೆ. ಅಲ್ಲಿ ಅಂಥ ಕೊನೆಯ ಗಡುವು ಇಲ್ಲ. ಆಸ್ಟ್ರೇಲಿಯಾದ ಜೇಮ್ಸ್ ಕ್ರಾಫರ್ಡ್ 2021ರ ಮೇ 31ರಂದು ತೀರಿಕೊಂಡರು, ಅವರ ಸ್ಥಾನಕ್ಕೆ ಚುನಾವಣೆ ನಡೆದದ್ದು ನವೆಂಬರ್ 5ಕ್ಕೆ. ಹಿಂದೆ ಇದಕ್ಕಿಂತ ನಿಧಾನವಿತ್ತು.

ಹಿಂದಿನ ಆ ನಿಧಾನದ ಕಥೆಗೆ ನಮ್ಮ ನಾಡಿನವರೇ ಒಬ್ಬರು ಸೇರುತ್ತಾರೆ. ಈ ನ್ಯಾಯಾಲಯದಲ್ಲಿ ಕೂತ ಮೊದಲ ಭಾರತೀಯರು ಸರ್ ಬೆನಗಲ್ ನರಸಿಂಗ ರಾವ್. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು, ಸಂವಿಧಾನ ಸಭೆಯ ಸಲಹೆಗಾರರಾಗಿ ನಮ್ಮ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದವರು. 1952ರಲ್ಲಿ ಹೇಗ್‌ನಲ್ಲಿ ಕೂತರು. 9 ವರ್ಷದ ಅವಧಿಯಲ್ಲಿ ಎರಡು ವರ್ಷವೂ ತುಂಬಿರಲಿಲ್ಲ, 1953ರ ನವೆಂಬರ್ 30ರಂದು ತೀರಿಕೊಂಡರು. ಆ ಕುರ್ಚಿ ಸುಮಾರು ಹತ್ತು ತಿಂಗಳು ಖಾಲಿ ಇತ್ತು. 1954ರ ಅಕ್ಟೋಬರಿನಲ್ಲಿ ಉಪಚುನಾವಣೆ ನಡೆದು ಗೆದ್ದವರು ಪಾಕಿಸ್ತಾನದ ವಿದೇಶಾಂಗ ಮಂತ್ರಿ ಮುಹಮ್ಮದ್ ಜಫರುಲ್ಲಾ ಖಾನ್. ಕಾಶ್ಮೀರದ ವಿಷಯದಲ್ಲಿ ವಿಶ್ವಸಂಸ್ಥೆಯಲ್ಲಿ ನಮ್ಮ ಎದುರು ವಾದ ಮಂಡಿಸಿದ್ದವರು.

ಇಷ್ಟು ಹೇಳುವ ಹೊತ್ತಿಗೆ ನಾವು ಊರಿಂದ ವಾಪಸು ಹೊರಟು ದಾರಿಯಲ್ಲಿ ಟೀ ಕುಡಿಯಲು ನಿಂತಿದ್ದೆವು. ಹುಡುಗಿಯ ಮುಖ ಸಣ್ಣಗಾಯಿತು. "ನಮ್ಮ ಸೀಟು ಅವರಿಗೆ ಹೆಂಗೆ ಕೊಟ್ರು ದೊಡ್ಡಪ್ಪ?"

ಕಾನೂನಿನ ಪ್ರಕಾರ ಅದು ನಮ್ಮ ಸೀಟು ಆಗಿರಲೇ ಇಲ್ಲ. ನ್ಯಾಯಮೂರ್ತಿಗಳನ್ನು ರಾಷ್ಟ್ರೀಯತೆ ನೋಡದೆ ಆರಿಸಬೇಕು ಎಂದು ಎರಡನೇ ವಿಧಿ ಹೇಳುತ್ತದೆ. ಒಟ್ಟು ಪೀಠದಲ್ಲಿ ಜಗತ್ತಿನ ಮುಖ್ಯ ನಾಗರಿಕತೆಗಳೂ ಕಾನೂನು ಪದ್ಧತಿಗಳೂ ಕಾಣಬೇಕು ಎಂದು ಒಂಬತ್ತನೇ ವಿಧಿ ಹೇಳುತ್ತದೆ. ಯಾವ ಕುರ್ಚಿಯ ಬೆನ್ನಿಗೂ ದೇಶದ ಹೆಸರು ಬರೆದಿಲ್ಲ. ಆಫ್ರಿಕಕ್ಕೆ ಇಷ್ಟು, ಏಷ್ಯಾಕ್ಕೆ ಇಷ್ಟು ಎಂಬ ರೂಢಿ ಇದೆ, ಹೋದವರ ಭಾಗದಿಂದಲೇ ಹೊಸಬರು ಬರಲಿ ಎಂಬ ನಿರೀಕ್ಷೆಯೂ ಇದೆ. ಆದರೆ ಅದು ರೂಢಿ, ಹಕ್ಕಲ್ಲ.

ಕುರ್ಚಿಗೆ ದೇಶವಿಲ್ಲ ಎಂಬುದರಿಂದ ನಮಗೆ ಲಾಭವೂ ಆಗಿದೆ. ಜೋರ್ಡಾನ್‌ನ ನ್ಯಾಯಮೂರ್ತಿ ಔನ್ ಅಲ್ ಖಸಾವ್ನೆ 2011ರಲ್ಲಿ ತಮ್ಮ ದೇಶದ ಪ್ರಧಾನಿಯಾದರು. ನ್ಯಾಯಮೂರ್ತಿಯಾಗಿದ್ದುಕೊಂಡು ರಾಜಕೀಯ ಹುದ್ದೆ ಹಿಡಿಯುವಂತಿಲ್ಲ, ಹಾಗಾಗಿ ಕುರ್ಚಿ ಬಿಟ್ಟರು. 2012ರ ಏಪ್ರಿಲ್ 27ರ ಉಪಚುನಾವಣೆಯಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಹಾಲಿ ನ್ಯಾಯಮೂರ್ತಿ ದಲ್ವೀರ್ ಭಂಡಾರಿ ಫಿಲಿಪ್ಪೀನ್ಸ್‌ನ ಅಭ್ಯರ್ಥಿಯ ಎದುರು ನಿಂತರು. ಸಾಮಾನ್ಯ ಸಭೆಯಲ್ಲಿ 122ಕ್ಕೆ 58, ಮಂಡಳಿಯಲ್ಲೂ ಗೆಲುವು. ಜೋರ್ಡಾನ್‌ನವರು ಬಿಟ್ಟ ಜಾಗಕ್ಕೆ ಭಾರತದವರು ಬಂದರು. ಮುಂದೆ 2025ರ ಜನವರಿಯಲ್ಲಿ ನ್ಯಾಯಾಲಯದ ಅಧ್ಯಕ್ಷರೇ ಆಗಿದ್ದ ಲೆಬನಾನ್‌ನ ನವಾಫ್ ಸಲಾಂ ತಮ್ಮ ದೇಶದ ಪ್ರಧಾನಿಯಾಗಲು ಹೊರಟರು. ಅದೇ ವರ್ಷದ ಮೇ ತಿಂಗಳಲ್ಲಿ ಅವರ ಜಾಗಕ್ಕೆ ಬಂದವರು ಜೋರ್ಡಾನ್‌ನ ಮಹಮೂದ್ ಹಮೂದ್.

ನಡುವೆ ಇನ್ನೊಂದು ಉಪಚುನಾವಣೆ ನಮ್ಮ ಮಂಡ್ಯದವರೆಗೂ ತಾಕಿತು. ಇದು ನಾನೇ ದಿನಾಂಕ ಜೋಡಿಸಿ ನೋಡಿ ಕಂಡುಕೊಂಡದ್ದು. ನ್ಯಾಯಾಲಯದ ಅಧ್ಯಕ್ಷರೂ ಆಗಿದ್ದ ನಮ್ಮ ನಾಗೇಂದ್ರ ಸಿಂಗ್ 1988ರ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಸ್ಥಾನಕ್ಕೆ 1989ರಲ್ಲಿ ಆರಿಸಿಬಂದವರು ಆಗ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಆರ್.ಎಸ್. ಪಾಠಕ್. ಅವರು 1989ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಬಿಟ್ಟರು. ಮುಂದಿನ ಹಿರಿಯರು ಮಂಡ್ಯ ಜಿಲ್ಲೆಯ ಇ.ಎಸ್. ವೆಂಕಟರಾಮಯ್ಯನವರು, ಜೂನ್ 19ರಂದು ಮುಖ್ಯ ನ್ಯಾಯಮೂರ್ತಿಯಾಗಿ ಡಿಸೆಂಬರ್ 17ರಂದು ನಿವೃತ್ತರಾದರು. ಪಾಠಕ್ ಹೇಗ್‌ಗೆ ಹೋಗದೆ 65 ತುಂಬುವವರೆಗೆ ಇಲ್ಲೇ ಇದ್ದಿದ್ದರೆ ಅದು ನವೆಂಬರ್ ಕೊನೆಯ ವಾರದವರೆಗೆ. ಆಗ ವೆಂಕಟರಾಮಯ್ಯನವರಿಗೆ ಮೂರು ವಾರ ಸಿಗುತ್ತಿತ್ತು. ಹೇಗ್‌ನಲ್ಲಿ ಒಂದು ಕುರ್ಚಿ ಖಾಲಿಯಾದ್ದರಿಂದ ಅದು ಆರು ತಿಂಗಳಾಯಿತು.

ಒಂದು ಕುರ್ಚಿ ಕೆಲ ತಿಂಗಳು ಖಾಲಿ ಇದ್ದರೆ ಅಂಥದ್ದೇನು ಎಂದು ಕೇಳಬಹುದು. ಕೋರ್ಟು ನಿಲ್ಲುವುದಿಲ್ಲ, ಒಂಬತ್ತು ಜನ ಇದ್ದರೆ ಕೋರಂ ಆಯಿತು. ಆದರೆ ಓಟು ಸಮ ಸಮ ಬಿದ್ದರೆ ಅಧ್ಯಕ್ಷರಿಗೆ ಇನ್ನೊಂದು ಓಟು ಇದೆ, ನಿರ್ಣಾಯಕ ಮತ. 1966ರಲ್ಲಿ ಇದರಿಂದ ಆದದ್ದನ್ನು ಪ್ರತಿ ಕಾನೂನು ವಿದ್ಯಾರ್ಥಿಯೂ ಓದಬೇಕು. ಇವತ್ತಿನ ನಮೀಬಿಯಾ ಆಗ ನೈಋತ್ಯ ಆಫ್ರಿಕ ಎಂಬ ಹೆಸರಿನಲ್ಲಿ ದಕ್ಷಿಣ ಆಫ್ರಿಕದ ಹಿಡಿತದಲ್ಲಿತ್ತು, ಅಲ್ಲೂ ವರ್ಣಭೇದ ನೀತಿ ಹೇರಿದ್ದರು. ಇಥಿಯೋಪಿಯಾ ಮತ್ತು ಲೈಬೀರಿಯಾ 1960ರಲ್ಲಿ ಮೊಕದ್ದಮೆ ಹೂಡಿದವು. ಈ ಮೊಕದ್ದಮೆ ಕೇಳುವ ಅಧಿಕಾರ ನಮಗಿದೆ ಎಂದು 1962ರಲ್ಲಿ ಕೋರ್ಟು 8ಕ್ಕೆ 7ರಲ್ಲಿ ಹೇಳಿತು. ಆ ಎಂಟರಲ್ಲಿ ಈಜಿಪ್ಟಿನ ಬದಾವಿ ಒಬ್ಬರು, ಪೆರುವಿನ ಬುಸ್ತಮಾಂತೆ ಒಬ್ಬರು. ಅಂತಿಮ ತೀರ್ಪಿನ ಹೊತ್ತಿಗೆ ಬದಾವಿ ತೀರಿಕೊಂಡಿದ್ದರು. ಅವರ ಜಾಗಕ್ಕೆ ಲೆಬನಾನ್‌ನ ಫುವಾದ್ ಅಮ್ಮೂನ್ ಆರಿಸಿಬಂದಿದ್ದರೂ ಆ ಮೊಕದ್ದಮೆಯಲ್ಲಿ ಕೂರಲಿಲ್ಲ. ಬುಸ್ತಮಾಂತೆಯವರಿಗೆ ಕಾಯಿಲೆ. ಮತ್ತೊಮ್ಮೆ ನ್ಯಾಯಾಲಯಕ್ಕೆ ಆರಿಸಿಬಂದಿದ್ದ ಜಫರುಲ್ಲಾ ಖಾನ್ ಅವರೂ ಈ ಮೊಕದ್ದಮೆಯಲ್ಲಿ ಕೂರಲಿಲ್ಲ. ಓಟು 7ಕ್ಕೆ 7 ಆಯಿತು. ಅಧ್ಯಕ್ಷ ಪರ್ಸಿ ಸ್ಪೆಂಡರ್ ತಮ್ಮ ನಿರ್ಣಾಯಕ ಮತ ಹಾಕಿದರು, ಈ ಎರಡು ದೇಶಗಳಿಗೆ ಈ ವಿಷಯ ಎತ್ತುವ ಹಕ್ಕೇ ಇಲ್ಲ ಎಂದು ತೀರ್ಪಾಯಿತು. ಆರು ವರ್ಷ ನಡೆದ ಮೊಕದ್ದಮೆ, ಒಂದು ದೇಶದ ಜನರ ಬದುಕು, ಯಾರು ಕೂತಿದ್ದಾರೆ ಯಾರು ಕೂತಿಲ್ಲ ಎಂಬುದರ ಮೇಲೆ ತೂಗಿ ಹೋಯಿತು. 1971ರಲ್ಲಿ ಅದೇ ನ್ಯಾಯಾಲಯ ಸಲಹಾ ಅಭಿಪ್ರಾಯ ಕೊಟ್ಟು ದಕ್ಷಿಣ ಆಫ್ರಿಕ ಅಲ್ಲಿರುವುದೇ ಕಾನೂನುಬಾಹಿರ ಎಂದಿತು. ಆಗ ಅಧ್ಯಕ್ಷ ಪೀಠದಲ್ಲಿದ್ದವರು ಜಫರುಲ್ಲಾ ಖಾನ್, ಬೆನಗಲ್ ನರಸಿಂಗ ರಾಯರ ಖಾಲಿ ಕುರ್ಚಿಯಿಂದ ಈ ನ್ಯಾಯಾಲಯದೊಳಗೆ ಮೊದಲು ಕಾಲಿಟ್ಟವರು. ನಮೀಬಿಯಾ ಸ್ವತಂತ್ರವಾದದ್ದು 1990ರಲ್ಲಿ.

ಎರಡು ಬೀಗ ಒಟ್ಟಿಗೆ ತೆಗೆಯದಿದ್ದಾಗ ಏನಾಗುತ್ತದೆ? ಅದನ್ನು ನಾವು 2017ರಲ್ಲಿ ನೋಡಿದೆವು. ಅದು ಉಪಚುನಾವಣೆಯಲ್ಲ, ಮಾಮೂಲಿ ಚುನಾವಣೆಯ ಐದನೇ ಸ್ಥಾನ, ಆದರೆ ನಿಯಮ ಒಂದೇ. ಭಂಡಾರಿಯವರಿಗೆ ಎದುರಾಳಿ ಬ್ರಿಟನ್ನಿನ ಕ್ರಿಸ್ಟೊಫರ್ ಗ್ರೀನ್‌ವುಡ್. ಸಾಮಾನ್ಯ ಸಭೆಯಲ್ಲಿ ಭಂಡಾರಿಯವರಿಗೆ 121, ಗ್ರೀನ್‌ವುಡ್‌ಗೆ 68. ಮಂಡಳಿಯಲ್ಲಿ ತಿರುಗುಮುರುಗು, ಗ್ರೀನ್‌ವುಡ್‌ಗೆ 9, ಭಂಡಾರಿಯವರಿಗೆ 5. ಸುತ್ತಿನ ಮೇಲೆ ಸುತ್ತು ನಡೆದರೂ ಗಂಟು ಬಿಚ್ಚಲಿಲ್ಲ. ಹೀಗಾದರೆ ಮೂರು ಸಭೆಗಳ ನಂತರ ಎರಡೂ ಕಡೆಯಿಂದ ಮೂರು ಮೂರು ಜನರ ಜಂಟಿ ಸಮಿತಿ ಮಾಡಿ ಒಂದು ಹೆಸರು ಗೊತ್ತುಮಾಡಬಹುದು, ಅದೂ ಆಗದಿದ್ದರೆ ಆಗಲೇ ಆರಿಸಿಬಂದ ನ್ಯಾಯಮೂರ್ತಿಗಳೇ ಆರಿಸಬೇಕು ಎಂದು ಹನ್ನೆರಡನೇ ವಿಧಿ ದಾರಿ ತೋರಿಸುತ್ತದೆ. ವಿಶ್ವಸಂಸ್ಥೆಯ ಕಾಲದಲ್ಲಿ ಆ ದಾರಿಯನ್ನು ಒಮ್ಮೆಯೂ ತುಳಿದಿಲ್ಲ. ನವೆಂಬರ್ 20ರಂದು ಬ್ರಿಟನ್ ಹಿಂದೆ ಸರಿಯಿತು. 1946ರಿಂದ ಪೀಠದಲ್ಲಿ ಯಾರಾದರೊಬ್ಬ ಬ್ರಿಟಿಷ್ ನ್ಯಾಯಮೂರ್ತಿ ಇದ್ದೇ ಇರುತ್ತಿದ್ದರು, ಆ ಸಾಲು ಅಲ್ಲಿಗೆ ಕಡಿಯಿತು. 2023ರಲ್ಲಿ ರಷ್ಯಾದ ಅಭ್ಯರ್ಥಿಯೂ ಸೋತರು. ವಿಟೊ ಇರುವ ದೇಶಗಳಿಗೆ ಇಲ್ಲೂ ಕಾಯಂ ಜಾಗವಿದೆ ಎಂದು ಎಲ್ಲರೂ ನಂಬಿದ್ದರಲ್ಲ, ಅದೂ ಬರೀ ರೂಢಿಯೇ ಆಗಿತ್ತು.

ಈ ಚುನಾವಣೆಗಳಲ್ಲಿ ನನಗೆ ಒಗ್ಗದ ಒಂದು ವಿಷಯವನ್ನೂ ಹೇಳಬೇಕು. ದೇಶಗಳು ಓಟು ಕೇಳಿಕೊಂಡು ಓಡಾಡುತ್ತವೆ. ಇಲ್ಲಿ ನಮ್ಮವರಿಗೆ ಹಾಕಿ, ಇನ್ನೊಂದು ಸಂಸ್ಥೆಯ ಚುನಾವಣೆಯಲ್ಲಿ ನಿಮ್ಮವರಿಗೆ ಹಾಕುತ್ತೇವೆ ಎಂಬ ಕೊಡುಕೊಳ್ಳುವಿಕೆ ನಡೆಯುತ್ತದೆ. ಅಭ್ಯರ್ಥಿ ಬರೆದ ತೀರ್ಪುಗಳನ್ನು ಓದಿ ಓಟು ಹಾಕಿದವರಿಗಿಂತ ಲೆಕ್ಕ ನೋಡಿ ಹಾಕಿದವರು ಹೆಚ್ಚಿರಬಹುದು ಎಂಬ ಯೋಚನೆ ನನಗೆ ನೋವು ತರುತ್ತದೆ. ಆದರೂ ಕೂತ ಮೇಲೆ ನ್ಯಾಯಮೂರ್ತಿ ಸ್ವತಂತ್ರರು. ಉಳಿದ ನ್ಯಾಯಮೂರ್ತಿಗಳೆಲ್ಲ ಒಮ್ಮತದಿಂದ ಹೇಳದ ಹೊರತು ಅವರನ್ನು ಯಾರೂ ತೆಗೆಯುವಂತಿಲ್ಲ, ಆರಿಸಿದ ಸಭೆಗಳಿಗೂ ಆ ಅಧಿಕಾರವಿಲ್ಲ. ಪಾಕಿಸ್ತಾನದಲ್ಲಿ ಸೆರೆಯಾದ ಭಾರತೀಯ ಕುಲಭೂಷಣ್ ಜಾಧವ್ ಮೊಕದ್ದಮೆಯ 2019ರ ಜುಲೈ 17ರ ತೀರ್ಪನ್ನು ನೋಡಿ. ಜಾಧವ್ ಅವರಿಗೆ ಭಾರತದ ಅಧಿಕಾರಿಗಳನ್ನು ಕಾಣುವ ಹಕ್ಕನ್ನು ಪಾಕಿಸ್ತಾನ ತಪ್ಪಿಸಿದೆ ಎಂದದ್ದು 15ಕ್ಕೆ 1ರಲ್ಲಿ. ಪೀಠದಲ್ಲಿ ತನ್ನವರಿಲ್ಲದ ದೇಶ ಆ ಮೊಕದ್ದಮೆಗೆ ಮಾತ್ರ ಒಬ್ಬರನ್ನು ಕೂರಿಸಬಹುದು, ಪಾಕಿಸ್ತಾನ ಹಾಗೆ ಕೂರಿಸಿದವರೇ ಆ ಒಂದು ಓಟು. ಚೀನಾದ ನ್ಯಾಯಮೂರ್ತಿ ಷ್ವೆ ಹಾನ್‌ಚಿನ್ ಅವರೂ ಬಹುಮತದ ಜೊತೆಗೇ ಇದ್ದರು.

ಷ್ವೆ ಅವರ ಹೆಸರು ಕೇಳಿ ಹುಡುಗಿ ನೋಟ್ಸ್ ತೆಗೆದಳು. "ಅಲ್ಲಿ ಹೆಂಗಸರು ಎಷ್ಟು ಜನ ದೊಡ್ಡಪ್ಪ?" ಆಗ ನನಗೆ ಗೊತ್ತಿರಲಿಲ್ಲ, ಆಮೇಲೆ ನೋಡಿ ಹೇಳಿದೆ. 2025ರ ಕೊನೆಯವರೆಗೆ ಈ ನ್ಯಾಯಾಲಯಕ್ಕೆ ಆರಿಸಿಬಂದ ಮಹಿಳೆಯರು ಏಳೇ ಜನ. ಮೊದಲನೆಯವರು ಬ್ರಿಟನ್ನಿನ ರೊಸಾಲಿನ್ ಹಿಗ್ಗಿನ್ಸ್, 1995ರಲ್ಲಿ, ರಾಜೀನಾಮೆ ಕೊಟ್ಟವರೊಬ್ಬರ ಜಾಗಕ್ಕೆ. 2010ರಲ್ಲಿ ಚೀನಾದ ಷ್ವೆ, ಅಮೆರಿಕದ ಜೋನ್ ಡೊನೊಹ್ಯೂ, ಇಬ್ಬರೂ ತೆರವಾದ ಸ್ಥಾನಗಳಿಗೆ. ಕ್ರಾಫರ್ಡ್ ಜಾಗಕ್ಕೆ 2021ರಲ್ಲಿ ಆಸ್ಟ್ರೇಲಿಯಾದ ಹಿಲರಿ ಚಾರ್ಲ್ಸ್‌ವರ್ತ್. 2025ರ ನವೆಂಬರಿನಲ್ಲಿ ಸೊಮಾಲಿಯಾದ ಅಬ್ದುಲ್‌ಖವಿ ಯೂಸುಫ್ ಅವರ ಜಾಗಕ್ಕೆ ಕೀನ್ಯಾದ ಫೀಬಿ ಒಕೋವಾ. ಉಗಾಂಡಾದ ಜೂಲಿಯಾ ಸೆಬುಟಿಂಡೆ, ಅಮೆರಿಕದ ಸಾರಾ ಕ್ಲೀವ್‌ಲ್ಯಾಂಡ್ ಇಬ್ಬರು ಮಾತ್ರ ಮಾಮೂಲಿ ಚುನಾವಣೆಯ ಬಾಗಿಲಿಂದ ಬಂದವರು. ಏಳರಲ್ಲಿ ಐವರು ಉಪಚುನಾವಣೆಯಿಂದ! ಐದು ಸ್ಥಾನ ಒಟ್ಟಿಗೆ ಖಾಲಿಯಾದಾಗ ಹಾಲಿ ಇದ್ದವರು ಮತ್ತೆ ನಿಲ್ಲುತ್ತಾರೆ, ದೇಶಗಳ ಹಳೆಯ ಒಪ್ಪಂದಗಳು ಕೆಲಸ ಮಾಡುತ್ತವೆ. ಒಂದೇ ಕುರ್ಚಿ ಅನಿರೀಕ್ಷಿತವಾಗಿ ತೆರವಾದಾಗ ಆ ಏರ್ಪಾಡು ಸಡಿಲವಾಗುತ್ತದೆ, ಹೊಸಬರು ಒಳಗೆ ಬರಲು ಜಾಗ ಸಿಗುತ್ತದೆ. ಇದು ನನ್ನ ಊಹೆ, ಆದರೆ ಏಳರಲ್ಲಿ ಐದು ಎಂಬುದು ಸುಮ್ಮನೆ ಬಂದ ಲೆಕ್ಕ ಅನ್ನಿಸುವುದಿಲ್ಲ.

ಅವಳು ಕೊನೆಗೆ ಬರೆದುಕೊಂಡದ್ದು ಒಂದು ದಿನಾಂಕ. 2017ರಲ್ಲಿ ಆರಿಸಿಬಂದವರು ಐವರು: ಭಂಡಾರಿ, ಫ್ರಾನ್ಸ್‌ನ ರಾನಿ ಅಬ್ರಹಾಂ, ಸಲಾಂ, ಯೂಸುಫ್, ಬ್ರೆಜಿಲ್‌ನ ಕನ್ಸಾಡೊ ಟ್ರಿಂಡಾಡೆ. ಟ್ರಿಂಡಾಡೆ 2022ರಲ್ಲಿ ತೀರಿಕೊಂಡರು, ಸಲಾಂ ಮತ್ತು ಯೂಸುಫ್ ರಾಜೀನಾಮೆ ಕೊಟ್ಟರು. ಐದರಲ್ಲಿ ಮೂರು ಕುರ್ಚಿಗೆ ಉಪಚುನಾವಣೆ ಆಯಿತು. ಹೊಸದಾಗಿ ಬಂದವರಿಗೂ ಮೊದಲಿಂದ ಇದ್ದವರಿಗೂ ಅವಧಿ ಮುಗಿಯುವುದು ಒಂದೇ ದಿನ, 2027ರ ಫೆಬ್ರುವರಿ 5. ಹುಡುಗಿ ಅದನ್ನು ನೋಟ್ಸಿನ ಅಂಚಿನಲ್ಲಿ ಬರೆದು ಸುತ್ತ ಗೆರೆ ಎಳೆದಳು. ಅವಳ ತೋರುಬೆರಳಿನ ಮಸಿ ಇನ್ನೂ ಹೊಸದಾಗಿಯೇ ಇತ್ತು.